ಗುರುಬಸವರಾಜನ ಮೊದಲಿನ ವಯಸ್ಸು

ಜಾಗವಿಲ್ಲ ಎಂದು ಕಂಪ್ಯೂಟರು ಹೇಳಿದ್ದು ಬೆಳಿಗ್ಗೆ ಒಂಬತ್ತು ಗಂಟೆಗೆ. ಅದೇನು ದೊಡ್ಡ ಮಾತಲ್ಲ. ಕೊಟ್ಟೂರಿನ ಬಸ್ಸುಗಳಲ್ಲಿ ಕಂಡಕ್ಟರುಗಳು ದಿನಕ್ಕೆ ನೂರು ಸಲ ಹೇಳುವ ಮಾತು. ಆದರೆ ಗುರುಬಸವರಾಜನಿಗೆ ಆ ದಿನ ಒಂದೇ ಒಂದು ಬಯೋಡೇಟಾದಲ್ಲಿ, ಹವ್ಯಾಸ ಎಂಬ ಕಡೆ, ‘ಓದು’ ಎಂದು ಸೇರಿಸಿ ಪ್ರಿಂಟು ತೆಗೆಯಬೇಕಾಗಿತ್ತು. ಆ ಬಯೋಡೇಟಾ ಅವನದೇ. ಅದನ್ನು ನೋಡಲು ಸಂಜೆ ನಾಲ್ಕಕ್ಕೆ ಇಟ್ಟಿಗಿಯಿಂದ ಹೆಣ್ಣಿನ ತಂದೆ ಬರುವವರಿದ್ದರು.

ಗುರುಬಸವರಾಜ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಒಂದು ಮಹಡಿಯ ಮೇಲೆ, ಸುಮಂಗಲ ವಧು-ವರರ ಮಾಹಿತಿ ಕೇಂದ್ರ ನಡೆಸುತ್ತಿದ್ದ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲಾ ಕಡೆಯ ಹೆಣ್ಣುಗಂಡುಗಳು ಅವನ ಕಂಪ್ಯೂಟರಿನಲ್ಲಿದ್ದರು. ಮೂರು ವರ್ಷದಲ್ಲಿ ಅರವತ್ತು ಜೋಡಿಗಳಿಗೆ ಗಂಟು ಹಾಕಿಸಿದ್ದ. ದೀಪದ ಕೆಳಗೆ ಕತ್ತಲೆ ಎನ್ನುತ್ತಾರಲ್ಲ, ಹಾಗೆ ಅವನು ಮಾತ್ರ ಒಂಟಿ. ಇಟ್ಟಿಗಿಯ ಸುಕನ್ಯಾಳ ಫೋಟೊ ಬಂದ ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಅವಳು ಅಂಗನವಾಡಿ ಟೀಚರು. ಫೋಟೊದಲ್ಲಿ ಕೂಡ ಹಾಜರಿ ತೆಗೆದುಕೊಳ್ಳುವವಳ ಹಾಗೆ ನೋಡುತ್ತಿದ್ದಳು, ಆ ನೋಟಕ್ಕೆ ಗುರುಬಸವರಾಜ ದಿನಾ ಮನಸ್ಸಿನಲ್ಲೇ ಹಾಜರ್ ಎನ್ನುತ್ತಿದ್ದ. ಧನುರ್ಮಾಸ ಹುಟ್ಟಲು ನಾಲ್ಕು ದಿನ ಉಳಿದಿತ್ತು. ಅಷ್ಟರಲ್ಲಿ ಮಾತು ಮುಗಿಯದಿದ್ದರೆ ಸಂಕ್ರಾಂತಿಯ ತನಕ ಕಾಯಬೇಕು, ಅಲ್ಲಿಯ ತನಕ ಅಂಥ ಹೆಣ್ಣು ಯಾರಿಗಾಗಿ ಕಾಯುತ್ತದೆ?

ಆ ಮಹಡಿಯ ಮೇಲೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಕೆಳಗೆ ರಸ್ತೆಯ ಮಧ್ಯೆ, ಗಾದೆಮ್ಮನ ಮಿರ್ಚಿ ಒಲೆಯಿಂದ ಎರಡು ಮಾರು ಈಚೆಗೆ ಮಾತ್ರ. ಗುರುಬಸವರಾಜ ಅಲ್ಲಿ ನಿಂತು ಹರಪನಹಳ್ಳಿಯ ಅಮರೇಶನಿಗೆ ಫೋನು ಮಾಡಿದ. ಅಮರೇಶ ಅವನ ಗೆಳೆಯ, ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವನು. ಹಳೆಯ ವ್ಯವಸ್ಥೆಗೆ ವಾರಕ್ಕೊಮ್ಮೆ ವೈರಸ್ಸು ಬರುತ್ತಿದೆಯೆಂದು, ಹೋದ ಮಾರ್ಚಿನಲ್ಲಿ, ಅಂದರೆ ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ, ಅವನೇ ಬಂದು ಲಿನಕ್ಸ್ ಹಾಕಿಕೊಟ್ಟಿದ್ದ. ಅದರೊಳಗೆ ಆಗ ತಾನೇ ಹುಟ್ಟಿದ ಹೊಸ ಫೈಲ್ ಸಿಸ್ಟಮ್ ಒಂದನ್ನೂ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಬರೆದಿಡುವ ವ್ಯವಸ್ಥೆಯೊಂದನ್ನೂ, ಕೂರಿಸಿದ್ದ. ಹೊಸದೇನು ಬಂದರೂ ಮೊದಲು ಗೆಳೆಯನ ಮೇಲೆ ಪ್ರಯೋಗ ಮಾಡಿ ನೋಡುವುದು ಅವನ ಪದ್ಧತಿ.

“ಲೇ ಅಮರೇಶ, ಡಿಸ್ಕಿನಾಗ ಜಾಗ ಇಲ್ಲ ಅಂತೈತಲ್ಲೋ. ನಾಕು ನೂರು ಬಯೋಡೇಟಾಕ್ಕ ಅಷ್ಟು ದೊಡ್ಡ ಡಿಸ್ಕು ಹೆಂಗ ತುಂಬ್ತು?”

“ದಿನಾ ತಿದ್ದಿದ್ರೆ ತುಂಬದೆ ಇನ್ನೇನು? ಒಂದೊಂದು ಫೋಟೊನ ನಾಕು ನಾಕು ಸರ್ತಿ ಬೆಳ್ಳಗೆ ಮಾಡೀಯ. ಆ ಫೈಲ್ ಸಿಸ್ಟಮ್ಮು ಹಳೇದ್ರ ಮ್ಯಾಲೆ ಬರಿಯೋದಿಲ್ಲಪ್ಪ. ನಾವು ಗೋಡೆಗೆ ಹಳೆ ಸುಣ್ಣದ ಮ್ಯಾಲೆ ಹೊಸ ಸುಣ್ಣ ಬಳಿತೀವಲ್ಲ, ಹಂಗಲ್ಲ ಅದು. ಪಕ್ಕದಾಗೆ ಹೊಸ ಗೋಡೆ ಕಟ್ಟಿ ಅದಕ್ಕೆ ಸುಣ್ಣ ಹೊಡಿತತೆ.”

“ಮತ್ತ ಹಳೇ ಗೋಡಿ?”

“ಬೀಳಿಸ್ಬೋದು. ಆದ್ರೆ ನಾನು ಮಾರ್ಚ್‌ನಾಗೆ ಒಂದು ಸ್ನ್ಯಾಪ್‌ಶಾಟ್ ಇಟ್ಟೀನಿ, ಆವತ್ತು ಏನಿತ್ತೋ ಅದರದ್ದು. ಅದು ಇರೋ ತನಕ ಹಳೇ ಗೋಡೆ ಹಂಗೇ ನಿಂತಿರತೈತೆ.”

ಗುರುಬಸವರಾಜ ಹೌಹಾರಿದ. ಹೌಹಾರಿದ ಮನುಷ್ಯ ದನಿ ತಗ್ಗಿಸುವುದಿಲ್ಲ, ಏರಿಸುತ್ತಾನೆ. “ಅಂದ್ರ ಮಂದಿ ಮೊದಲ್ನೇ ಸರ್ತಿ ಬರೆಸಿದ ವಯಸ್ಸು, ಅದೂ ಇದೂ, ಎಲ್ಲಾ ಆ ಕಂಪ್ಯೂಟರಿನಾಗ ಹಂಗ ಐತಿ ಅಂತೀಯೇನು? ನಾವು ತಿದ್ದಿದ್ರೂ ಅದು ಅಳಿಸಿಲ್ಲೇನು?”

ಗಾದೆಮ್ಮನ ಕೈಯ ಜಾಲರಿ ಸೌಟು ಎಣ್ಣೆಯ ಮೇಲೆ ನಿಂತುಬಿಟ್ಟಿತು. ಮೂರು ಮಿರ್ಚಿ ಕಪ್ಪಾದವು.

ಇಲ್ಲಿ ಸುಮಂಗಲ ಕೇಂದ್ರದ ಒಂದು ರಿವಾಜು ಹೇಳಬೇಕು. ಮೊದಲ ಸಲ ಬರುವಾಗ ಹೆಚ್ಚಿನವರು ನಿಜವಾದ ವಯಸ್ಸನ್ನೇ ತರುತ್ತಿದ್ದರು. ಮೂರು ತಿಂಗಳು ಗಂಡು ಬರದಿದ್ದರೆ ಎರಡು ವರ್ಷ ಇಳಿಯುತ್ತಿತ್ತು, ಆರು ತಿಂಗಳಿಗೆ ನಾಲ್ಕು. ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ, ‘ಸ್ವಲ್ಪ ಸರಿಮಾಡ್ರಿ’ ಎನ್ನುತ್ತಿದ್ದರು. ಗುರುಬಸವರಾಜನೂ ತನ್ನದನ್ನು ಸರಿಮಾಡಿಕೊಂಡಿದ್ದ. ಮಾರ್ಚಿನಲ್ಲಿ, ತೀರಿಹೋದ ಅವ್ವ ಬರೆಸಿಟ್ಟಿದ್ದ ಜನನದ ಚೀಟಿ ನೋಡಿ ಮೂವತ್ತಾರು ಎಂದು ಟೈಪು ಮಾಡಿದ್ದವನು ಈಗ ಮೂವತ್ತೆರಡಕ್ಕೆ ಬಂದು ನಿಂತಿದ್ದ. ಅವನ ಹತ್ತಿರ ಆಧಾರವೂ ಇತ್ತು. ಅವನನ್ನು ಶಾಲೆಗೆ ಹಾಕಿದ್ದೇ ಒಂಬತ್ತು ತುಂಬುವ ಹೊತ್ತಿಗೆ. ಆಗ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡಿದರು. ಬಡಕಲು ಹುಡುಗ, ಕಷ್ಟಪಟ್ಟು ಮುಟ್ಟಿದ. ಐದು ವರ್ಷ, ಹುಟ್ಟಿದ್ದು ಜೂನ್ ಒಂದು, ಎಂದು ಬರೆದುಕೊಂಡರು. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿಗೂ ಅದೇ ಹೋಯಿತು. ಅವ್ವನ ಚೀಟಿಯನ್ನೂ ಕೇಂದ್ರದ ಹಳೆಯ ಅರ್ಜಿಗಳನ್ನೂ ಈ ಮಳೆಗಾಲದಲ್ಲಿ ಗೆದ್ದಲು ತಿಂದು ಮುಗಿಸಿತ್ತು. ನಿಜವಾದ ಮೂವತ್ತಾರು ಭೂಮಿಯ ಮೇಲೆ ಎಲ್ಲಿಯೂ ಉಳಿದಿಲ್ಲ ಎಂದು ಅವನು ನಿಶ್ಚಿಂತೆಯಾಗಿದ್ದ.

“ಅದನ್ನ ಅಳಿಸಾಕ ಬರೋದಿಲ್ಲೇನೋ?” ಎಂದ.

“ಹೋದ ವಾರದ ತನಕ ಬರ್ತಿರಲಿಲ್ಲ. ಈಗ ಲಿನಕ್ಸಿನ ಹೊಸ ತಿರುಳಿನಾಗೆ, ಆ ಕರ್ನಲ್‌ನಾಗೆ ಬಂದೈತೆ, ಮೊನ್ನೆ ಭಾನುವಾರ ನಿನ್ನ ಮಷಿನ್ನಿಗೆ ಹಾಕಿಹೋಗೀನಿ. ಈಗ ಪರೀಕ್ಷೆ ಐತೆ ನನಗೆ. ಹನ್ನೊಂದಕ್ಕೆ ಮಾಡು, ಹೇಳ್ತೀನಿ. ಇದಕ್ಕೇ ನಾನು ನಿನಗೆ ಹೇಳಿದ್ದು, ತಿದ್ದಬ್ಯಾಡ, ತಿದ್ದಿದ್ರೆ ಜಾಗ ತಿಂತತೆ ಅಂತ.”

ಅಮರೇಶನ ಬಯೋಡೇಟಾ ಕೂಡ ಕೇಂದ್ರದಲ್ಲಿತ್ತು. ವಯಸ್ಸು ಮೂವತ್ತೇಳು, ತಲೆಯಲ್ಲಿ ಕೂದಲು ಕಡಿಮೆ ಎಂದು ತಾನೇ ಬರೆದುಕೊಂಡಿದ್ದ. ಮೂವತ್ತಮೂರು ಮಾಡುತ್ತೇನೆಂದು ಗುರುಬಸವರಾಜ ಎಷ್ಟು ಬೇಡಿಕೊಂಡರೂ ಒಪ್ಪಿರಲಿಲ್ಲ. ಒಂಬತ್ತು ತಿಂಗಳಲ್ಲಿ ಅವನ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದ್ದವರು ಒಬ್ಬರೇ, ಅವರೂ ನೋಡಿ ನಕ್ಕು ಕೆಳಗಿಟ್ಟಿದ್ದರು.

ಫೋನು ಜೇಬಿಗಿಟ್ಟಾಗ ಗಾದೆಮ್ಮ ಕೇಳಿದಳು: “ಏನಪ್ಪ ಗುರುಬಸು, ಏನೋ ಅಳಿಸಿಲ್ಲಂತ?”

“ಏನಿಲ್ಲಬೇ ಅಜ್ಜಿ, ಕಂಪ್ಯೂಟರಿನ ಕೆಲಸ.”

“ಕಂಪ್ಯೂಟರಿನ ಕೆಲಸಕ್ಕ ಮಕಾ ಯಾಕ ಹಂಗ ಬೆವರೈತಿ? ಇದರಾಗ ಏನೋ ಐತಿ. ನೀನು ಹುಟ್ಟಿದಾಗ ಮೊದಲ್ನೇ ನೀರು ಹಾಕಿದಾಕಿ ನಾನು, ನಿನ್ನ ಮೂವತ್ತಾರು ವರ್ಷದ ಬೆವರು ನನಗ ಗೊತ್ತಿಲ್ಲೇನು?”

ಹತ್ತು ಗಂಟೆಗೆ ದಾಕ್ಷಾಯಣಮ್ಮ ಮೆಟ್ಟಿಲು ಹತ್ತಿ ಬಂದರು. ಪಕ್ಕದ ಓಣಿಯವರು, ಮಗಳು ಗಂಗಾಂಬಿಕಾಳಿಗೆ ಗಂಡು ಹುಡುಕುತ್ತಿದ್ದವರು. ಬಾಗಿಲಿನಲ್ಲಿ ನಿಂತು ಮೊದಲು ಕಂಪ್ಯೂಟರನ್ನು ನೋಡಿದರು, ಆಮೇಲೆ ಗುರುಬಸವರಾಜನನ್ನು. ಕಂಪ್ಯೂಟರಿನ ಮೇಲೆಯೇ ಸ್ವಲ್ಪ ಹೆಚ್ಚು ನಂಬಿಕೆ ಇದ್ದಂತೆ ಕಂಡಿತು.

“ನಮ್ಮ ಗಂಗಾದು ಮೊದಲ್ನೇದ್ದು ಇನ್ನಾ ಐತಂತ?”

“ಯಾರು ಹೇಳಿದ್ರು ನಿಮಗ?”

“ಯಾರಾರ ಹೇಳ್ಲಿ. ಐತೋ ಇಲ್ಲೋ?”

“ನಿಮ್ಮ ಹುಡುಗೀದು ಎಷ್ಟಂತ ನನಗ ಮೊದಲಿನಿಂದ ಗೊತ್ತಿದ್ದದ್ದ ಅಲ್ರೀ ಅಮ್ಮಾರ. ನಾನು ಯಾರಿಗಾರ ಹೇಳೀನೇನು?”

“ನಿನ್ನ ತಲಿಯಾಗ ಇದ್ದರ ನಾವು ಇಲ್ಲ ಅನ್ನಬಹುದು. ಕಂಪ್ಯೂಟರಿನಾಗ ಇದ್ದರ ಏನನ್ನೋದು?” ದಾಕ್ಷಾಯಣಮ್ಮ ಕುರ್ಚಿ ಎಳೆದುಕೊಂಡು ಕೂತರು. “ಬೇಕಂತನ ಇಟ್ಟೀಯೇನು? ಒಂದು ಹುಡುಗಿಗೆ ಐದು ವರ್ಷ ಕಮ್ಮಿ ಮಾಡ್ಸಿದ್ವಿ, ಅದೇನು ಯಾರೂ ಮಾಡ್ಲಾರದ್ದಲ್ಲ. ನಂದು ಅಳಿಸೋ ತನಕ ಏಳೋದಿಲ್ಲ.” ಆಮೇಲೆ ಬಗ್ಗಿ ದನಿ ತಗ್ಗಿಸಿದರು. “ಅಳಿಸೋಕಿಂತ ಮುಂಚಿ, ಆ ಉಜ್ಜಿನಪ್ಪಂದು ಮೊದಲ್ನೇದ್ದು ಏನೈತಿ ನೋಡಿ ಹೇಳು. ನಮ್ಮ ತಂಗೀನ್ನ ಕೇಳಾಕ ಬಂದಿದ್ದ.”

ಉಜ್ಜಿನಪ್ಪ ಐದು ನಿಮಿಷ ತಡವಾಗಿ ಬಂದರು. ನಿವೃತ್ತ ಕಂಡಕ್ಟರು, ಹೆಂಡತಿ ತೀರಿಹೋದವರು, ಮೀಸೆಗೆ ಬಣ್ಣ ಹಚ್ಚುವವರು. ಮೊದಲು ಬರೆಸಿದಾಗ ಐವತ್ತೆಂಟು, ಮದುವೆಯಾದ ಎರಡು ಗಂಡು ಮಕ್ಕಳು. ಈಗಿನ ಹಾಳೆಯಲ್ಲಿ ನಲವತ್ತೊಂಬತ್ತು, ಜವಾಬ್ದಾರಿ ಇಲ್ಲ. ಅವರೂ ಬಾಗಿಲಿನಲ್ಲಿ ದಾಕ್ಷಾಯಣಮ್ಮನನ್ನು ನೋಡಿ, ಬಂದ ಕೆಲಸ ಮರೆತವರಂತೆ ಗೋಡೆಯ ಕ್ಯಾಲೆಂಡರು ಓದತೊಡಗಿದರು.

“ಕೂಡ್ರಿ ಉಜ್ಜಿನಪ್ಪನೋರ,” ಎಂದ ಗುರುಬಸವರಾಜ.

“ಈ ಅಮ್ಮಾರು ಹೋಗಲಿ, ಆಮ್ಯಾಲೆ ಮಾತಾಡ್ತೀನಿ.”

“ಅವರು ಹೋಗ್ಲಿ, ನಾನು ಆಮ್ಯಾಲೆ ಹೋಗ್ತೀನಿ,” ಎಂದರು ದಾಕ್ಷಾಯಣಮ್ಮ.

ಇಬ್ಬರೂ ಕೂತರು. ಒಬ್ಬರು ಹೋದರೆ ಉಳಿದವರು ತಮ್ಮ ಹಳೆಯದನ್ನು ನೋಡಿಬಿಡುತ್ತಾರೆಂಬ ಅನುಮಾನ ಇಬ್ಬರಿಗೂ. ಗಾದೆಮ್ಮ ಕೂಡ ಒಲೆಯನ್ನು ಮೊಮ್ಮಗಳಿಗೆ ಒಪ್ಪಿಸಿ ಮೇಲೆ ಬಂದು ಹೊಸ್ತಿಲ ಮೇಲೆ ಕೂತಳು. ಅವಳಿಗೂ ಒಂದು ಹಳೆಯದಿತ್ತು. ಮೊಮ್ಮಗಳಿಗೆ ಏಳು ತೊಲೆ ಹಾಕುತ್ತೇವೆ ಎಂದು ಮೊದಲು ಬರೆಸಿ, ಆಮೇಲೆ ಅದನ್ನು ‘ಯಥಾಶಕ್ತಿ’ ಎಂದು ಸರಿಮಾಡಿಸಿದ್ದಳು.

ಹನ್ನೊಂದಕ್ಕೆ ಗುರುಬಸವರಾಜ ರಸ್ತೆಗಿಳಿದು ಫೋನು ಮಾಡಿದ. ಮೂವರೂ ಕಿಟಕಿಗೆ ಬಂದು ನಿಂತರು. ಅಮರೇಶ ಒಂದೊಂದೇ ಅಕ್ಷರ ಹೇಳಿದ, ಇವನು ಮಿರ್ಚಿ ಕಟ್ಟುವ ಕಾಗದದ ಮೇಲೆ ಬರೆದುಕೊಂಡ.

“ಡಿಸ್ಕನ್ನ ಮೌಂಟ್ ಮಾಡೋದು ಅಂದ್ರೆ ಎತ್ತನ್ನ ಬಂಡಿಗೆ ಹೂಡಿದಂಗೆ ತಿಳಕೋ,” ಎಂದ ಅಮರೇಶ. “ಹೂಡೋವಾಗ ಯಾವ ಎತ್ತು, ಹಗ್ಗ ಬಿಗಿ ಇರ್ಬೇಕೋ ಸಡ್ಲ ಇರ್ಬೇಕೋ, ಅದನ್ನ ಹೇಳೋದೇ ಆಪ್ಷನ್ನು. ಎಫ್‌ಎಸ್‌ಟ್ಯಾಬ್ ಅನ್ನೋ ಫೈಲ್‌ನಾಗೆ ಒಂದು ಸಾಲು ಐತೆ. ಅದರಾಗೆ ಸಬ್‌ವಾಲ್ ಈಕ್ವಲ್ಸ್ ಹೊಸ ಅಂತ ಐತೆ, ಅದು ಈಗಿಂದು. ಅದನ್ನ ಮುಟ್ಟಬ್ಯಾಡ. ಅದರ ಮುಂದೆ ಕಾಮಾ ಹಾಕಿ ನೋಡೇಟಾಕೌ ಅಂತ ಬರಿ. ಇನ್ಮುಂದೆ ಹೊಸದಾಗಿ ಬರೆದದ್ದನ್ನ ತಿದ್ದಿದ್ರೆ ಹಳೇದ್ರ ಮ್ಯಾಲೇ ಬರಿತತೆ. ಆದ್ರೆ ಸ್ನ್ಯಾಪ್‌ಶಾಟ್ ಇರೋ ತನಕ ಮಾರ್ಚಿನದ್ದು ಇದ್ದೇ ಇರತೈತೆ. ಅದರ ಹೆಸರು ಹಳೆ. ಅದನ್ನ ತೆಗೆಯೋ ಆಜ್ಞೆ ಬ್ಯಾರೆ, ಅದನ್ನೂ ಬರಕೋ.”

ಇದರಲ್ಲಿ ಕಷ್ಟವೇನೂ ಇರಲಿಲ್ಲ. ಮುಟ್ಟಬೇಡ ಎಂದದ್ದನ್ನು ಮುಟ್ಟದೆ ಇದ್ದರೆ ಸಾಕಾಗಿತ್ತು. ಆದರೆ ಮುಚ್ಚಿದ ಡಬ್ಬಿ ಕಂಡರೆ ತೆಗೆದು ನೋಡುವ ಚಟ ಗುರುಬಸವರಾಜನದು. ತನ್ನ ಮೂವತ್ತಾರು ನಿಜವಾಗಿ ಅದರೊಳಗೆ ಇದೆಯೋ, ಅಥವಾ ಅಮರೇಶ ಸುಮ್ಮನೆ ಹೆದರಿಸುತ್ತಿದ್ದಾನೋ? ಇಲ್ಲದ್ದನ್ನು ಅಳಿಸಲು ಹೋಗಿ ಇರುವುದನ್ನು ಕಳೆದುಕೊಂಡರೆ? ಒಂದು ಸಲ ನೋಡಿಬಿಡೋಣ ಎಂದುಕೊಂಡ. ಸಾಲಿನಲ್ಲಿ ‘ಹೊಸ’ ಇದ್ದ ಜಾಗದಲ್ಲಿ ‘ಹಳೆ’ ಎಂದು ಬರೆದು ಕಂಪ್ಯೂಟರನ್ನು ಆರಿಸಿ ಹಚ್ಚಿದ.

ಹಳೆಯ ಎತ್ತು ಬಂಡಿಗೆ ಹೂಡಿಕೊಂಡು ಬಂದು ನಿಂತಿತು. ಪರದೆಯ ಮೇಲೆ ಮಾರ್ಚ್ ತಿಂಗಳ ಪಟ್ಟಿ ಉದ್ದಕ್ಕೂ ಬಿಚ್ಚಿಕೊಂಡಿತು: ಹೆಸರು, ಊರು, ವಯಸ್ಸು, ಷರಾ. ಗುರುಬಸವರಾಜ ಮುಚ್ಚುವ ಗುಂಡಿ ಹುಡುಕುವುದರೊಳಗೆ ದಾಕ್ಷಾಯಣಮ್ಮ ಒಂದು ಹೆಗಲಿನಿಂದ, ಉಜ್ಜಿನಪ್ಪ ಇನ್ನೊಂದು ಹೆಗಲಿನಿಂದ ಬಗ್ಗಿದ್ದರು.

“ಐವತ್ತೆಂಟು,” ಎಂದು ಓದಿದರು ದಾಕ್ಷಾಯಣಮ್ಮ. “ಎರಡು ಗಂಡು ಮಕ್ಕಳು. ಇಬ್ರಿಗೂ ಮದುವಿ ಆಗೈತಿ.”

“ಗಂಗಾಂಬಿಕಾ, ಮೂವತ್ತೊಂದು,” ಎಂದು ಓದಿದರು ಉಜ್ಜಿನಪ್ಪ. ಮೂವತ್ತು ವರ್ಷ ಟಿಕೀಟು ಹರಿದ ದನಿ, ರಸ್ತೆಯ ಆಚೆ ಬದಿಗೂ ಕೇಳಿಸಿತು. “ಗುರುಬಸವರಾಜ, ಮೂವತ್ತಾರು. ಗಾದೆಮ್ಮನ ಮೊಮ್ಮಗಳು, ಏಳು ತೊಲಿ.”

ಗಾದೆಮ್ಮ ಹೊಸ್ತಿಲಿನಿಂದ ಎದ್ದು ನಿಂತಳು. “ಏಳು ತೊಲಿ ಅಂತ ನಾನು ಎಂದು ಬರೆಸಿದ್ದೆ?”

ಅಷ್ಟರಲ್ಲಿ ಕರೆಂಟು ಹೋಯಿತು. ಕೊಟ್ಟೂರಿನಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಆದರೆ ಇಷ್ಟು ಸರಿಯಾದ ಗಳಿಗೆಗೆ ಅದು ಹಿಂದೆಂದೂ ಹೋಗಿರಲಿಲ್ಲ.

ಕರೆಂಟು ಬರುವ ತನಕ ಎರಡೂವರೆ ತಾಸು ಆ ನಾಲ್ವರು ಅದೇ ಕೋಣೆಯಲ್ಲಿ ಕೂತರು. ಯಾರೂ ಊಟಕ್ಕೆ ಏಳಲಿಲ್ಲ. ಗಾದೆಮ್ಮ ಕೆಳಗಿನಿಂದ ಮಂಡಕ್ಕಿ ಮಿರ್ಚಿ ತರಿಸಿದಳು. ಎಲ್ಲರೂ ಒಂದೇ ಕಾಗದದ ಮೇಲಿನ ಮಂಡಕ್ಕಿಯನ್ನು, ಒಬ್ಬರು ಇನ್ನೊಬ್ಬರ ಕೈ ನೋಡುತ್ತಾ ತಿಂದರು. ಮೊದಲ ಒಂದು ತಾಸು ಜಗಳ ನಡೆಯಿತು. ಎರಡನೆಯ ತಾಸಿಗೆ ಎಲ್ಲರಿಗೂ ಒಂದು ವಿಷಯ ಹೊಳೆಯಿತು: ನನ್ನದು ಅವರಿಗೆ ಗೊತ್ತು, ಅವರದು ನನಗೆ ಗೊತ್ತು, ಒಬ್ಬರು ಬಾಯಿಬಿಟ್ಟರೆ ನಾಲ್ವರೂ ಮುಳುಗಿದಂತೆ. ಜನರ ನಡುವೆ ಒಗ್ಗಟ್ಟು ಹೀಗೂ ಹುಟ್ಟುತ್ತದೆ.

ಮಾತು ತೆಗೆದವರು ಉಜ್ಜಿನಪ್ಪ. “ನೋಡಪ, ಸುಮ್ನ ಒಂದು ಒಪ್ಪಂದಕ್ಕ ಬರೂನು. ನೀನು ಎಲ್ಲಾರದೂ ಹಳೇದು ಅಳಿಸಿಬಿಡು. ನಾವು ಯಾರು ಕೇಳಿದ್ರೂ ಈಗಿಂದ ಹೇಳ್ತೀವಿ. ಗಂಗಾಗ ಇಪ್ಪತ್ತಾರು.”

“ಉಜ್ಜಿನಪ್ಪನೋರಿಗೆ ನಲವತ್ತೊಂಬತ್ತು,” ಎಂದರು ದಾಕ್ಷಾಯಣಮ್ಮ, ಔಷಧಿ ನುಂಗಿದವರಂತೆ. “ನಮ್ಮ ತಂಗಿ ಸುದ್ದಿಗೆ ಮಾತ್ರ ಬರಬ್ಯಾಡ್ರಿ.”

“ನನಗ?” ಎಂದ ಗುರುಬಸವರಾಜ. “ನಾಕಕ್ಕ ಇಟ್ಟಿಗಿ ಮರುಳಪ್ಪನೋರು ಬರ್ತಾರ. ಅವರು ಯಾರನ್ನಾರ ವಿಚಾರಿಸಿದ್ರ?”

“ನಿನಗ ಮೂವತ್ತೆರಡು,” ಎಂದಳು ಗಾದೆಮ್ಮ. “ನನ್ನ ಬಾಯಾಗ ಜೀವ ಇರೋ ತನಕ ಮೂವತ್ತೆರಡ.”

ಬರೀ ಮಾತಿನ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಗುರುಬಸವರಾಜ ಗೂಡಿನಲ್ಲಿದ್ದ ವಿಭೂತಿ ಗಟ್ಟಿ ತಂದಿಟ್ಟ. ನಾಲ್ವರೂ ಅದನ್ನು ಮುಟ್ಟಿ ಊರ ದೇವರು ಕೊಟ್ರೇಶನ ಆಣೆ ಮಾಡಿದರು. ಇನ್ನೊಬ್ಬರು ಸರಿಯಾಗಿ ಮುಟ್ಟಿದರೋ ಇಲ್ಲವೋ ಎಂದು ಉಜ್ಜಿನಪ್ಪ ಪ್ರತಿಯೊಬ್ಬರ ಬೆರಳಿನ ತುದಿ ನೋಡಿದರು.

ಎರಡು ಗಂಟೆಗೆ ಕರೆಂಟು ಬಂತು. ಗುರುಬಸವರಾಜ ಸಾಲನ್ನು ಮತ್ತೆ ‘ಹೊಸ’ ಎಂದು ತಿದ್ದಿ, ಮುಂದೆ ನೋಡೇಟಾಕೌ ಸೇರಿಸಿ, ಕಂಪ್ಯೂಟರನ್ನು ಮತ್ತೆ ಆರಿಸಿ ಹಚ್ಚಿದ. ಮೂವರೂ ಉಸಿರು ಬಿಡದೆ ನೋಡುತ್ತಿದ್ದರು. ಮಿರ್ಚಿ ಕಾಗದದಲ್ಲಿ ಅಳಿಸುವ ಆಜ್ಞೆಯ ಒಂದು ಅಕ್ಷರದ ಮೇಲೆ ಎಣ್ಣೆ ಹರಡಿ ಅದು ಕಾಣದಂತಾಗಿತ್ತು. ಮತ್ತೆ ರಸ್ತೆಗಿಳಿದು ಅಮರೇಶನನ್ನು ಕೇಳಬೇಕಾಯಿತು.

“ಗ್ಯಾರಂಟಿ ಅಳಿಸ್ಬೇಕೇನು?” ಎಂದ ಅಮರೇಶ. “ಆಮ್ಯಾಲೆ ತಲಿ ಕೆಳಗೆ ಮಾಡಿದ್ರೂ ಬರಲ್ಲ. ಇನ್ನೊಂದು ಕಡೆ ಪ್ರತಿ ಇಟ್ಟೀಯೇನು?”

“ಪ್ರತಿ ಇಟ್ಟರ ನನ್ನ ಇಲ್ಲೇ ಹೂಳ್ತಾರ. ಅಕ್ಷರ ಹೇಳು.”

ಮೇಲೆ ಬಂದಾಗ ಉಜ್ಜಿನಪ್ಪ ಅವನ ಜೇಬು ಮುಟ್ಟಿ ನೋಡಿದರು. ಟಿಕೀಟಿಲ್ಲದ ಪ್ರಯಾಣಿಕನನ್ನು ಹುಡುಕುವ ಅಭ್ಯಾಸ ಕೈಬಿಟ್ಟಿರಲಿಲ್ಲ. ಮೂರಕ್ಕೆ ಹತ್ತು ನಿಮಿಷ ಇರುವಾಗ ಗುರುಬಸವರಾಜ ಆಜ್ಞೆ ಬರೆದು ಗುಂಡಿ ಒತ್ತಿದ. ಸದ್ದಿಲ್ಲ, ಹೊಗೆ ಇಲ್ಲ. ನಾಲ್ಕು ನೂರು ಮನೆಗಳ ನಿಜವಾದ ವಯಸ್ಸು ಒಂದು ಗಳಿಗೆಯಲ್ಲಿ ಹೋಯಿತು. ಕೊಟ್ಟೂರು ಸೀಮೆಯೆಲ್ಲ ಒಟ್ಟಿಗೆ ಒಂದೆರಡು ಸಾವಿರ ವರ್ಷ ಚಿಕ್ಕದಾಯಿತು.

ಗುರುಬಸವರಾಜನಿಗೆ ಹೆಗಲಿನಿಂದ ಜೋಳದ ಚೀಲ ಇಳಿಸಿದಷ್ಟು ಹಗುರವಾಯಿತು. ಈಗ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ಹವ್ಯಾಸ ಎಂಬಲ್ಲಿ ‘ಓದು’ ಎಂದು ಸೇರಿಸಿ, ಖುಷಿಗೆ ‘ಮತ್ತು ಸಂಗೀತ’ ಎಂದೂ ಸೇರಿಸಿ, ಎರಡು ಪ್ರತಿ ತೆಗೆದ. ಮುಖ ತೊಳೆದು ಪೌಡರು ಹಚ್ಚಿಕೊಂಡ.

ಮರುಳಪ್ಪನವರು ನಾಲ್ಕಕ್ಕೆ ಸರಿಯಾಗಿ ಬಂದರು. ಇಟ್ಟಿಗಿಯ ಜಮೀನುದಾರರು, ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲ್ಲು. ಯಾವುದನ್ನೇ ಕೊಡಲಿ, ಮೊದಲು ತಿರುವಿ ಹಿಂಬದಿ ನೋಡುವ ಮನುಷ್ಯ. ನೀರಿನ ಲೋಟವನ್ನೂ ಹಾಗೆಯೇ ನೋಡಿ ಕುಡಿದರು. ಒಪ್ಪಂದದ ಮೂವರು ಹೋಗಿರಲಿಲ್ಲ, ಬಾಗಿಲಾಚೆ ಮೆಟ್ಟಿಲಿನ ಮೇಲೆ ನಿಂತಿದ್ದರು. ಆಣೆ ಮುರಿಯುವವರಿದ್ದರೆ ಅದು ಈಗಲೇ ಎಂದು ಒಬ್ಬರಿಗೊಬ್ಬರು ಕಾವಲು.

“ಗುರುಬಸವರಾಜಾರ,” ಎಂದರು ಮರುಳಪ್ಪ, “ಹಡಗಲಿ ಬಸ್ಸಿನಾಗ ಒಂದು ಸುದ್ದಿ ಕೇಳಿದೆ. ಕೊಟ್ಟೂರಾಗ ಒಂದು ಕಂಪ್ಯೂಟರ್ ಐತಂತ, ಮಂದಿ ಹೇಳಿದ ಮೊದಲ್ನೇ ಮಾತನ್ನ ಅದು ಅಳಿಸೋದಿಲ್ಲಂತ. ನಿಮ್ದ ಅಂತ?”

ಗುರುಬಸವರಾಜನ ಪೌಡರಿನ ಮೇಲೆ ಬೆವರು ಮೂಡಿತು. “ಮಂದಿ ಏನಾರ ಅಂತಾರ್ರಿ.”

“ನಮ್ಮ ಹುಡುಗಿಗೆ ಅಲ್ಲಿಂದನ ಫೋನ್ ಮಾಡಿ ಹೇಳಿದೆ. ಆಕಿ ಏನಂದ್ಲು ಗೊತ್ತೇನು? ಅಪ್ಪಾ, ಎಲ್ಲಾರೂ ತಿದ್ದಿ ಅಳಿಸೋ ಕಾಲದಾಗ ಅಳಿಸ್ಲಾರ್ದ ಇಟ್ಟಾನ ಅಂದ್ರ ಆ ಮನುಷ್ಯಾ ಖರೇ ಇರ್ಬೇಕು, ಅಂಥಾವನ ಹತ್ರ ನಾವೂ ಸುಳ್ಳು ಹೇಳಬಾರ್ದು, ಅಂದ್ಲು. ಅದಕ್ಕ ಹೇಳ್ತೀನಿ. ಸುಕನ್ಯಾಗ ಇಪ್ಪತ್ತೆಂಟಲ್ಲ. ಮೂವತ್ತನಾಕು. ನಾವು ಬರೆಸಿದ್ದು ಮೊದಲ್ನೇ ದಿನಾನ ಸುಳ್ಳು, ನಿಮ್ಮ ಕಂಪ್ಯೂಟರಿನಾಗ ಹುಡುಕಿದ್ರೂ ಖರೇದು ಸಿಗೋದಿಲ್ಲ.”

ಗುರುಬಸವರಾಜನಿಗೆ ಎದ್ದು ಕುಣಿಯಬೇಕೆನ್ನಿಸಿತು. ಅವಳಿಗೆ ಮೂವತ್ತನಾಲ್ಕು, ತನಗೆ ಮೂವತ್ತಾರು. ಇಷ್ಟು ಚೆನ್ನಾಗಿ ಕೂಡುವ ಜೋಡಿಯನ್ನು ತಾನು ಮೂರು ವರ್ಷದಲ್ಲಿ ಹಾಕಿರಲಿಲ್ಲ. “ಅದಕ್ಕೇನಂತ್ರಿ ಯಜಮಾನ್ರ, ನನಗೇನೂ ಅಡ್ಡಿ ಇಲ್ರಿ,” ಎಂದ.

“ನಿಮಗಿಲ್ಲ, ಆಕಿಗೈತಿ. ನಿಮಗ ಮೂವತ್ತೆರಡು. ತನಗಿಂತ ಸಣ್ಣಾವನ್ನ ಆಗೋದಿಲ್ಲ ಅಂತಾಳ. ದಿನಾ ಸಣ್ಣಾರನ್ನ ನೋಡ್ಕೊಂಡು ಸಾಕಾಗೈತಿ ಅಂತಾಳ. ಹಟಮಾರಿ. ನಿಮಗೊಂದು ನಾಕು ವರ್ಷ ಹೆಚ್ಚಿದ್ದರ ಇವತ್ತ ಎಲಿ ಅಡಿಕಿ ಬದಲಾಯಿಸಿ ಹೋಗ್ತಿದ್ದೆ.”

“ನನಗ ಮೂವತ್ತಾರ್ರಿ,” ಎಂದ ಗುರುಬಸವರಾಜ.

ಮರುಳಪ್ಪ ಬಯೋಡೇಟಾ ಎತ್ತಿಕೊಂಡು ಮುಂಬದಿ ನೋಡಿದರು, ಹಿಂಬದಿ ನೋಡಿದರು. “ಇದರಾಗ ಮೂವತ್ತೆರಡು ಐತಿ. ಮಾರ್ಕ್ಸ್ ಕಾರ್ಡಿನಾಗೂ ಅಷ್ಟ ಐತಿ, ನೀವ ಝೆರಾಕ್ಸ್ ಕಳಿಸೀರಿ.”

“ಅದು ಮೇಷ್ಟ್ರು ಕಿವಿ ಮುಟ್ಟಿಸಿ ಬರೆದದ್ರಿ. ಖರೇದು ಮೂವತ್ತಾರು. ನಮ್ಮವ್ವ ಚೀಟಿ ಬರೆಸಿದ್ಲು.”

“ಎಲ್ಲೈತಿ ಚೀಟಿ?”

“ಗೆದ್ಲು ತಿಂತ್ರಿ.”

“ಹಂಗಾರ ಆ ಕಂಪ್ಯೂಟರಿನಾಗ ತೋರಿಸ್ರಿ. ಮೊದಲ್ನೇದ್ದನ್ನ ನಿಮಗ ಕೂಡ ತಿದ್ದಾಕ ಬರೋದಿಲ್ಲಂತಲ್ಲ. ಅದರಾಗ ಮೂವತ್ತಾರು ಇದ್ದರ ನಾ ನಂಬ್ತೀನಿ.”

ಗುರುಬಸವರಾಜ ಗೋಡೆಯ ಗಡಿಯಾರ ನೋಡಿದ. ನಾಲ್ಕೂಕಾಲು. “ಅದನ್ನ ಅಳಿಸಿದೆ ರೀ,” ಎಂದ. “ಈಗ ಒಂದೂವರಿ ತಾಸಿನ ಹಿಂದ.”

“ಅಳಿಸಿದ್ರಿ,” ಎಂದರು ಮರುಳಪ್ಪ, ನಿಧಾನವಾಗಿ. “ಇಷ್ಟು ದಿನ ಇಟ್ಟು, ನಾ ಬರೋ ದಿನ ಅಳಿಸಿದ್ರಿ.”

ಗುರುಬಸವರಾಜ ಬಾಗಿಲಿಗೆ ಓಡಿದ. “ಗಾದೆಮ್ಮಜ್ಜಿ, ಬಾ ಒಳಗ. ನಾನು ಹುಟ್ಟಿದಾಗ ಮೊದಲ್ನೇ ನೀರು ಹಾಕಿದಾಕಿ ರೀ ಈಕಿ. ಹೇಳಜ್ಜಿ ಇವರಿಗೆ, ನನಗ ಎಷ್ಟು?”

ಗಾದೆಮ್ಮ ಒಳಗೆ ಬಂದು ಸೆರಗು ಸರಿಮಾಡಿಕೊಂಡಳು. ಗುರುಬಸವರಾಜನ ಕಡೆ ನೋಡಿ, ಹೆದರಬೇಡ ಎನ್ನುವಂತೆ ಕಣ್ಣು ಮಿಟುಕಿಸಿದಳು. “ಮೂವತ್ತೆರಡು,” ಎಂದಳು. “ಒಂದು ದಿನ ಹೆಚ್ಚಿಲ್ಲ.”

“ಅಜ್ಜಿ, ಖರೇ ಹೇಳಬೇ. ಈಗ ಖರೇದು ಬೇಕಾಗೈತಿ.”

“ಖರೇನ ಹೇಳಾಕತ್ತೀನಪ್ಪ. ಯಾರು ಎಷ್ಟು ತಿರುಗಿಸಿ ಕೇಳಿದ್ರೂ ಮೂವತ್ತೆರಡ.”

“ಮೂವತ್ತೆರಡ ರೀ,” ಎಂದರು ಉಜ್ಜಿನಪ್ಪ, ಬಾಗಿಲಿನಿಂದ. “ನಾನು ಅರ್ಧ ಟಿಕೀಟು ಹರಿದು ಕೊಟ್ಟ ಹುಡುಗ. ಲೆಕ್ಕ ತಪ್ಪೋದಿಲ್ಲ.”

“ನಮ್ಮ ಗಂಗಾಗಿಂತ ಆರು ವರ್ಷ ದೊಡ್ಡಾಂವ,” ಎಂದರು ದಾಕ್ಷಾಯಣಮ್ಮ. “ಗಂಗಾಗ ಇಪ್ಪತ್ತಾರು.”

ಗುರುಬಸವರಾಜ ಮೂವರ ಕಡೆಯೂ ಕೈ ಮುಗಿದ. ಅವರು ಅದನ್ನು ಕೃತಜ್ಞತೆ ಎಂದು ತಿಳಿದು ಇನ್ನೊಂದು ಸಲ ಮೂವತ್ತೆರಡು ಎಂದರು. ಇಷ್ಟು ನಿಷ್ಠೆಯಿಂದ ಆ ಓಣಿಯಲ್ಲಿ ಯಾರೂ ಯಾರಿಗೂ ಕೊಟ್ಟ ಮಾತು ನಡೆಸಿರಲಿಲ್ಲ.

ಮರುಳಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ನೋಡ್ರಿ ಗುರುಬಸವರಾಜಾರ, ವಯಸ್ಸು ಇಳಿಸೋರನ್ನ ಬೇಕಾದಷ್ಟು ನೋಡೀನಿ. ನಾವೂ ಇಳಿಸೀವಿ. ಇದ್ದದ್ದನ್ನ ಬಿಟ್ಟು ಏರಿಸೋನನ್ನ ಮಾತ್ರ ಇವತ್ತ ನೋಡಿದ್ದು. ಊರು ಮಂದಿ ಒಂದು ಹೇಳ್ತೈತಿ, ನೀವೊಂದು ಹೇಳ್ತೀರಿ, ಹಳೇದು ಅಳಿಸೀರಿ. ಇದರಾಗ ಏನೋ ಐತಿ. ನನಗ ಬ್ಯಾಡ.”

ಬಾಗಿಲ ತನಕ ಹೋದವರು ತಿರುಗಿದರು. “ಹಾಂ, ಆ ಹರಪನಹಳ್ಳಿ ಹುಡುಗಂದು ಒಂದು ಕಾಗದ ತೋರಿಸಿದ್ರಲ್ಲ ಮೊದಲು? ಮೂವತ್ತೇಳು, ಕೂದಲು ಕಮ್ಮಿ. ಆವಾಗ ನಕ್ಕು ಇಟ್ಟಿದ್ದೆ. ಅಂವ ಏನಾರ ತಿದ್ದಿಸ್ಯಾನೇನು?”

“ಇಲ್ರಿ,” ಎಂದ ಗುರುಬಸವರಾಜ. “ಒಂದಕ್ಷರ ಇಲ್ಲ.”

“ಅದರದೊಂದು ಪ್ರತಿ ಕೊಡ್ರಿ.”

ಗುರುಬಸವರಾಜ ಪ್ರತಿ ತೆಗೆದುಕೊಟ್ಟ. ಪ್ರಿಂಟರು ಎಂದೂ ಇಲ್ಲದಷ್ಟು ಚೆನ್ನಾಗಿ ನಡೆಯಿತು. ಮರುಳಪ್ಪ ಹಾಳೆಯ ಹಿಂಬದಿ ನೋಡಲಿಲ್ಲ, ಮಡಚಿ ಜೇಬಿನಲ್ಲಿಟ್ಟುಕೊಂಡು ಇಳಿದುಹೋದರು. ಒಪ್ಪಂದದ ಮೂವರು ಒಳಗೆ ಬಂದು, ಹೇಗೆ ನಡೆಸಿಕೊಟ್ಟೆವು ಎನ್ನುವ ಹಾಗೆ ಸಾಲಾಗಿ ನಿಂತರು. ಗುರುಬಸವರಾಜ ಅವರನ್ನು ದಾಟಿ ಕೆಳಗಿಳಿದು ರಸ್ತೆಯ ಮಧ್ಯೆ ನಿಂತು ಫೋನು ಮಾಡಿದ.

“ಏನಪ್ಪ, ಅಳಿಸಿದ್ಯಾ?” ಎಂದ ಅಮರೇಶ. “ಆಪ್ಷನ್ ಸರಿ ಹಾಕಿದ್ಯಾ?”

“ಎಲ್ಲಾ ಸರಿ ಆತು. ನಾಳಿ ಬೆಳಿಗ್ಗೆ ಹತ್ತಕ್ಕ ಒಳ್ಳೇ ಅಂಗಿ ಹಾಕ್ಕೊಂಡು ಇಟ್ಟಿಗಿಗೆ ಹೋಗು. ಮರುಳಪ್ಪನೋರ ಮನಿ ಕೇಳಿದ್ರ ಹೇಳ್ತಾರ. ಹುಡುಗಿ ಅಂಗನವಾಡಿ ಟೀಚರ್. ಭಾಳ ಒಳ್ಳೇಕಿ.” ಅವನು ಮೇಲೆ ಕಿಟಕಿಗೆ ಬಂದು ನಿಂತಿದ್ದ ಮೂವರಿಗೆ ಬೆನ್ನು ತಿರುಗಿಸಿದ. “ನಿನಗ ಹೇಳಿ ಮಾಡಿಸಿದಂಗ ಅದಾಳ.”

“ಒಂಬತ್ತು ತಿಂಗಳಾಗೆ ಒಂದು ಹುಡುಗಿ ತೋರಿಸ್ಲಿಲ್ಲ ನೀನು,” ಎಂದ ಅಮರೇಶ. “ಇವತ್ತು ಒಮ್ಮಿಂದೊಮ್ಮೆ ಒಳ್ಳೇಕಿ ಅಂತೀಯ. ಯಾಕಲೇ? ಇದರಾಗೆ ಏನೋ ಐತೆ.”